ನೀರು ಸೋಕಬಾರದ ಸ್ವೆಟರ್

ಶಾಲೆಗೆ ಹೊರಡುವ ಮೊದಲು ಗುಂಡಿ ಅಜ್ಜಿಯ ಸೂಜಿಗಳಿಗೆಲ್ಲ ದಾರ ಪೋಣಿಸಿ, ಬಣ್ಣದ ಪ್ರಕಾರ ದಿಂಬಿಗೆ ಚುಚ್ಚಿಡುತ್ತಿದ್ದಳು. ಅಪ್ಪ ಹಲ್ಲುಜ್ಜಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ, ಅಮ್ಮ ಒಲೆ ಬಿಟ್ಟು ಏಳುವ ಮೊದಲು, ಈ ಕೆಲಸ ಮುಗಿಯಬೇಕು. ಅಜ್ಜಿ ಮೊಮ್ಮಗಳ ಈ ಏರ್ಪಾಡು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಕರೀದು ಇನ್ನೊಂದೆರಡು ಪೋಣಿಸು. ಇವತ್ತು ಕೋಟುಗಳಿವೆ."

"ಡಾಕ್ಟರ ಹತ್ರ ಹೋಗಬಾರದಾ ಅಜ್ಜಿ?"

"ಹೋದ್ರೆ ಕಣ್ಣಲ್ಲಿ ಪೊರೆ ಬಂದಿದೆ ಅಂತಾರೆ. ಪೊರೆ ಅಂದ್ರೆ ಸಾಕು, ನಿಮ್ಮಪ್ಪ ನನ್ನ ಕುರ್ಚೀಲಿ ಬೇರೆ ಯಾರನ್ನೋ ತಂದು ಕೂರಿಸ್ತಾನೆ. ನೀನು ಪೋಣಿಸು."

ಆ ಭಯಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಒಬ್ಬ ಗಿರಾಕಿಯ ಪ್ಯಾಂಟಿನ ಅಂಚು ಸೊಟ್ಟಗೆ ಹೊಲಿದು ಹೋಗಿತ್ತು. ಮಗ ಅದನ್ನು ತಾಯಿಯ ಮುಂದೆ ಹಿಡಿದು, "ಇನ್ನೊಂದು ಸಲ ಹೀಗಾದ್ರೆ ನೀನು ಒಳಗೆ ಆರಾಮಾಗಿ ಕೂತ್ಕೋ ಅಮ್ಮ" ಅಂದಿದ್ದ. ಮಗ ಬೈದಿದ್ದರೆ ಅಜ್ಜಿ ತಿರುಗಿ ಬೈಯುತ್ತಿದ್ದಳು. ಆರಾಮ ಎಂಬ ಮಾತಿಗೆ ಹೆದರಿದಳು.

ಅಂಗಡಿ ಮುಂದೆ, ಮನೆ ಹಿಂದೆ. ಬಟ್ಟೆ ತೊಳೆದು ಇಸ್ತ್ರಿ ಮಾಡಿ, ಹರಿದದ್ದಕ್ಕೆ ರಫು ಹಾಕಿ ಕೊಡುವ ಲಾಂಡ್ರಿ. ಅಜ್ಜಿಯ ಮಗ, ಅಂದರೆ ಗುಂಡಿಯ ಅಪ್ಪ, ಇಸ್ತ್ರಿ ಮೇಜಿನ ಹಿಂದೆ. ಸೊಸೆ, ಅಂದರೆ ಗುಂಡಿಯ ಅಮ್ಮ, ಕೌಂಟರಿನಲ್ಲಿ; ಮಧ್ಯಾಹ್ನ ಮಾತ್ರ ಮನೆ ಮನೆಗೆ ಬಟ್ಟೆ ತಲುಪಿಸಲು ಹೊರಗೆ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಗುಂಡಿ ಐದನೇ ತರಗತಿ. ನಡೆಯಲು ಕಲಿತ ಹೊಸದರಲ್ಲಿ ಯಾರದೋ ಕೋಟಿನ ಗುಂಡಿ ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಬೀದಿಯ ಪರಿಚಿತರಿಗೆ ಈ ಅಂಗಡಿಯಲ್ಲಿ ಚೀಟಿ ಕೊಡುವ ಪದ್ಧತಿಯಿಲ್ಲ. ಬಟ್ಟೆ ಬಂದ ಕೂಡಲೇ ಕೊರಳಪಟ್ಟಿಯ ಒಳಗೆ ಒಂದು ದಪ್ಪ ದಾರದ ಗಂಟು ಬೀಳುತ್ತದೆ. ಬಿಳಿ ದಾರವಿದ್ದರೆ ತೊಳೆಯಬೇಕು. ಕೆಂಪು ದಾರವಿದ್ದರೆ ನೀರು ಸೋಕಬಾರದು, ಹೊಲಿಗೆ ಮಾತ್ರ. ಕಪ್ಪು ದಾರ ಬಿದ್ದರೆ ಅದು ಯಾರೂ ವಾಪಸು ಕೇಳದ ಬಟ್ಟೆ. ಒರೆಸುವುದಕ್ಕೆ, ಮುಚ್ಚುವುದಕ್ಕೆ, ಯಾವುದಕ್ಕಾದರೂ ಬಳಸಬಹುದು. ಈ ದಾರದ ಲೆಕ್ಕ ಅಜ್ಜಿಯ ಗಂಡ ಮಾಡಿಟ್ಟು ಹೋದದ್ದು. ಮೂರೂ ರೀಲುಗಳು ಅಜ್ಜಿಯ ಕುರ್ಚಿಯ ಪಕ್ಕ ಹಲಗೆಗೆ ಹೊಡೆದ ಮೂರು ಮೊಳೆಗಳ ಮೇಲೆ ನಿಂತಿರುತ್ತಿದ್ದವು. ಎಡಕ್ಕೆ ಬಿಳಿ, ನಡುವೆ ಕೆಂಪು, ಬಲಕ್ಕೆ ಕಪ್ಪು. ಕಣ್ಣು ಮಂಜಾದ ಮೇಲೆ ಅಜ್ಜಿ ಬಣ್ಣ ನೋಡುವುದನ್ನು ಬಿಟ್ಟು ಮೊಳೆಯನ್ನೇ ನಂಬಿಕೊಂಡಿದ್ದಳು.

ಚಳಿ ಶುರುವಾದಾಗ ಬೆಕ್ಕಿನ ಮರಿ ಬಂತು. ಹಿತ್ತಲಲ್ಲಿ ನೀರು ಕಾಯಿಸುವ ಬಾಯ್ಲರಿನ ಹಿಂದೆ ಬೆಚ್ಚಗಿನ ಒಂದು ಸಂದು ಇತ್ತು, ಅಲ್ಲಿ ಸೇರಿಕೊಂಡಿತು. ಮಸಿ ಬಣ್ಣ, ಒಂದು ಕಣ್ಣಿನ ತುಂಬ ಪಿಸುರು, ಹಿಡಿದರೆ ಒಂದು ಹಿಡಿ. ತಾಯಿ ಬೆಕ್ಕು ಗೋಡೆಯ ಮೇಲೆ ಕೆಲವು ದಿನ ಕಾಣಿಸಿಕೊಂಡು ಆಮೇಲೆ ಕಾಣಲಿಲ್ಲ. ಗುಂಡಿ ಸಂದಿಗೆ ಕೈ ಹಾಕಿದಳು. ಮರಿ ಬುಸ್ಸೆಂದು, ಮಣಿಕಟ್ಟಿನಿಂದ ಮೊಣಕೈವರೆಗೆ ಗೆರೆ ಎಳೆಯಿತು.

ಸೊಸೆ ಗಾಯ ತೊಳೆಯುತ್ತಾ ಹೇಳಿದಳು: "ಇದು ಮನುಷ್ಯರನ್ನ ಕಂಡಿಲ್ಲ. ಮೇಲಿಂದ ಏನು ಬಂದ್ರೂ ಅದಕ್ಕೆ ಹದ್ದೇ."

"ಮತ್ತೆ ಹೇಗಮ್ಮ ಹಿಡಿಯೋದು?"

"ಹಿಡಿಯೋದಲ್ಲ. ದಿನಾ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ತಿನ್ನೋಕೆ ಇಡೋದು. ಬೆನ್ನು ಮಾಡಿ ಸುಮ್ಮನೆ ಕೂರೋದು. ಕಣ್ಣಿಟ್ಟು ನೋಡಬಾರದು. ಅದಾಗೇ ಬರಬೇಕು."

ಬೇಯಿಸಿದ ಮೊಟ್ಟೆಯ ಹಳದಿಯನ್ನು ಹಿಸುಕಿ, ಮೀನಿನ ಚೂರು ಸೇರಿಸಿ, ತಾಯಿ ಮಗಳು ಹಿತ್ತಲ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂರತೊಡಗಿದರು.

"ಅಲ್ಲಿ ಬೆಡ್‌ಶೀಟಿನ ರಾಶಿ ಬಿದ್ದಿದೆ, ಇಲ್ಲಿ ಇವರು ಬೆಕ್ಕಿಗೆ ಬೆನ್ನು ತೋರಿಸ್ಕೊಂಡು ಕೂತಿದ್ದಾರೆ," ಅಂದ ಮಗ.

"ಕರೀ ಕೋಟಿನ ಮೇಲೆ ಅದರ ಕೂದಲು ಬಿದ್ರೆ ಗಿರಾಕಿ ಬಂದು ನಮ್ಮ ಕೂದಲು ಕೀಳ್ತಾನೆ," ಅಂದಳು ಅಜ್ಜಿ.

"ನಿಮ್ಮ ಮಗನ ತಲೇಲಿ ಕೀಳೋಕೆ ಏನಿದೆ ಅತ್ತೆ?"

ಅಜ್ಜಿ ಹೆಗಲಿಗೆ ಶಾಲು ಎಳೆದುಕೊಂಡು ನಕ್ಕಳು. ಆಗ ಅತ್ತೆ ಸೊಸೆಯರ ನಡುವೆ ಅಂಥ ಮಾತು ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಗುಂಡಿ ಅಜ್ಜಿಯ ಹಲಗೆಯಿಂದ ಕೆಂಪು ರೀಲು ಕಿತ್ತುಕೊಂಡು ಹೋಗಿ, ದಾರದ ತುದಿಗೆ ಕಾಗದದ ಚೂರು ಕಟ್ಟಿ ಸಂದಿನ ಮುಂದೆ ಎಳೆದಾಡಿದಳು. ಮರಿ ಮೊದಲ ಸಲ ಪೂರ್ತಿ ಹೊರಗೆ ಬಂದು ಕಾಗದಕ್ಕೆ ಬಡಿಯಿತು. ಆಟ ಬಿಟ್ಟು ಏಳುವಷ್ಟರಲ್ಲಿ ಶಾಲೆಗೆ ತಡವಾಗಿತ್ತು. ಓಡಿ ಬಂದು ರೀಲು ಸಿಕ್ಕಿಸುವಾಗ ಭುಜ ತಾಗಿ ಕಪ್ಪು ರೀಲೂ ಕೆಳಗೆ ಬಿತ್ತು. ಎರಡನ್ನೂ ಎತ್ತಿ ಕೈಗೆ ಬಂದ ಮೊಳೆಗೆ ಸಿಕ್ಕಿಸಿ ಚೀಲ ಹಾಕಿಕೊಂಡು ಹೋದಳು. ಕಪ್ಪು ನಡುವೆ ಬಂತು, ಕೆಂಪು ಬಲಕ್ಕೆ.

ಅದೇ ಮಧ್ಯಾಹ್ನ ಬಡಗಿಯ ಹೆಂಡತಿ ಬಂದಳು. ಬಡಗಿ ಸತ್ತು ವರ್ಷವಾಗಿತ್ತು. ಬೀದಿಯ ತುದಿಯ ಅವನ ಕಾರ್ಖಾನೆಯನ್ನು ಈಗ ಅವಳೇ ನಡೆಸುತ್ತಿದ್ದಳು. ಮೇಜಿಗೆ ಕಾಲು ಹಾಕುವುದು, ಕಿಟಕಿ ಕೂರಿಸುವುದು ಎಲ್ಲ ಅವಳ ಕೈಯಲ್ಲೇ. ಗಂಡನ ಉದ್ದ ಕೋಟನ್ನು ತೋಳು ಮಡಚಿ ಹಾಕಿಕೊಂಡಿದ್ದಳು. ಸೊಸೆ ಬಟ್ಟೆ ತಲುಪಿಸಲು ಹೋಗಿದ್ದಳು, ಮಗ ಹಿತ್ತಲಲ್ಲಿದ್ದ. ಬಡಗಿಯ ಹೆಂಡತಿ ಕೌಂಟರಿನ ಮೇಲೆ ಕಂದು ಬಣ್ಣದ ದಪ್ಪ ಸ್ವೆಟರ್ ಬಿಡಿಸಿಟ್ಟಳು.

"ಮೊಣಕೈ ಹರಿದಿದೆ ಅಕ್ಕ. ಅದಿಷ್ಟೇ ಸರಿ ಮಾಡಿ. ತೊಳೀಬೇಡಿ."

"ಧೂಳು ತುಂಬಿದೆಯಲ್ಲ ತಾಯಿ?"

"ಅದಕ್ಕೇ ತೊಳೀಬೇಡಿ ಅಂದದ್ದು. ಮರದ ಪುಡಿ, ವಾರ್ನಿಷ್, ಅವರ ಸಿಗರೇಟು ಎಲ್ಲ ಇನ್ನೂ ಇದರಲ್ಲಿದೆ. ಈ ಕೋಟಲ್ಲೂ ಇತ್ತು, ನಾನೇ ದಿನಾ ಹಾಕ್ಕೊಂಡು ಹಾಕ್ಕೊಂಡು ಹೋಗಿಬಿಡ್ತು. ಈಗ ಮೂಗಿಟ್ಟರೂ ಏನೂ ಗೊತ್ತಾಗಲ್ಲ. ಇದನ್ನ ಹಾಕ್ಕೊಂಡಿಲ್ಲ."

ಅಜ್ಜಿ ಸ್ವೆಟರನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬೇರೆಯವರ ಕೈಗೆ ಕೊಡಲ್ಲ. ನಾನೇ ಮಾಡ್ತೀನಿ."

ನಡುವಿನ ಮೊಳೆಗೆ ಕೈ ಚಾಚಿ, ದಾರ ಎಳೆದು, ಕೊರಳಿನ ಒಳಗೆ ಗಂಟು ಹಾಕಿದಳು. ಆಮೇಲೆ ಹರಿದ ಮೊಣಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಳೆ ಎಳೆ ಹಿಡಿಯಬೇಕಾದ ಕೆಲಸ. ಎಳೆಗಳು ಕಾಣಲಿಲ್ಲ. ನಾಳೆ ಬೆಳಕು ಚೆನ್ನಾಗಿದ್ದಾಗ ನೋಡೋಣ ಎಂದು ಬುಟ್ಟಿಯ ತಳಕ್ಕೆ ಹಾಕಿದಳು. ಮರುದಿನವೂ ಅದನ್ನು ಹೊರತೆಗೆಯಲಿಲ್ಲ.

ಅಂಗಡಿ ಮುಚ್ಚುವಾಗ ದಾರ ನೋಡಿ ಬಟ್ಟೆ ಹಂಚುವುದು ಮಗನ ಕೆಲಸ. ತಾಯಿಯ ಬುಟ್ಟಿಯಲ್ಲಿ ಕಪ್ಪು ದಾರದ ಒಂದು ಹಳೆಯ ಸ್ವೆಟರ್ ಸಿಕ್ಕಿತು. ಕೇಳಲಿಲ್ಲ. ಒಳಗಿನ ಸಾಮಾನು ಕೋಣೆಯಲ್ಲಿದ್ದ, ವಾರಸುದಾರರಿಲ್ಲದ ಬಟ್ಟೆಗಳ ಬುಟ್ಟಿಗೆ ಎಸೆದ.

ಚಳಿ ಬಲಿತಿತು. ಸೊಸೆ ಒಂದು ಸಂಜೆ ಬಟ್ಟೆಯ ಬುಟ್ಟಿ ಕವುಚಿ, ಕೆಳಗೆ ಹಲಗೆ ಸರಿಸಿ, ಮರಿಯನ್ನು ಸಾಮಾನು ಕೋಣೆಗೆ ಸಾಗಿಸಿದಳು. ಅದು ಸೋಪಿನ ಚೀಲಗಳ ಹಿಂದೆ ನುಗ್ಗಿ ಕೂತಿತು. ಇಟ್ಟದ್ದನ್ನು ಮೂಸಲೂ ಇಲ್ಲ.

"ಮನುಷ್ಯರ ವಾಸನೆ ಅಭ್ಯಾಸ ಆಗಬೇಕು. ಯಾರಾದ್ರೂ ಉಟ್ಟು ಬಿಟ್ಟ ಬಟ್ಟೆ ಪಕ್ಕದಲ್ಲಿ ಹಾಕಬೇಕು," ಅಂದಳು ಸೊಸೆ.

ಗುಂಡಿ ಮನೆಯೆಲ್ಲ ಹುಡುಕಿ ಬಂದಳು. "ಅಮ್ಮ, ನಮ್ಮನೇಲಿ ಮನುಷ್ಯರ ವಾಸನೆ ಇರೋ ಬಟ್ಟೆನೇ ಇಲ್ಲ. ಎಲ್ಲ ಸೋಪು."

ಸೊಸೆ ವಾರಸುದಾರರಿಲ್ಲದ ಬುಟ್ಟಿ ಕೆದಕಿದಳು. ಮೇಲೆಯೇ ಇದ್ದ ಕಂದು ಸ್ವೆಟರನ್ನು ಎತ್ತಿ ಮೂಸಿದಳು. "ಇದು ಸರಿ. ಯಾರೋ ಮೈಮುರಿದು ದುಡಿದವರದು." ದಾರ ಕಪ್ಪೇ ಎಂದು ಕೊರಳು ತಿರುಗಿಸಿ ನೋಡಿದಳು. ಮರಿ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆಂದು ಆ ಗಂಟನ್ನು ಕತ್ತರಿಸಿ ಒಲೆಗೆ ಹಾಕಿದಳು.

ಬೆಳಗಾಗುವಷ್ಟರಲ್ಲಿ ಮರಿ ಸ್ವೆಟರಿನ ತೋಳೊಳಗೆ ಮಲಗಿತ್ತು. ತಟ್ಟೆ ಖಾಲಿ.

ಆಮೇಲಿನದು ನಿಧಾನದ ಕೆಲಸ. ಮೊದಲು ಉದ್ದ ಹಿಡಿಕೆಯ ಸೌಟಿನಲ್ಲಿ, ಬಳಿಕ ಚಮಚದಲ್ಲಿ, ಕೊನೆಗೆ ಬೆರಳ ತುದಿಯಲ್ಲಿ ಮೊಟ್ಟೆ. ಬೆರಳು ನೆಕ್ಕಿದ ದಿನ ಗುಂಡಿ ಅದಕ್ಕೆ ಮಸಿ ಎಂದು ಹೆಸರಿಟ್ಟಳು. ಕತ್ತಿನ ಕೆಳಗೆ ತುರಿಸಿದಾಗ ಗುರ್ ಎಂದ ದಿನ ಎಲ್ಲರನ್ನೂ ಕರೆದು ಕೇಳಿಸಿದಳು. ಹೊರಗಿನವರ ಸದ್ದಾದರೆ ಮಾತ್ರ ಈಗಲೂ ಸೋಪಿನ ಚೀಲಗಳ ಹಿಂದಕ್ಕೆ. ಮನೆಯವರು ನಾಲ್ಕು ಜನ, ಆ ಸ್ವೆಟರ್. ಅದರ ಲೋಕ ಅಷ್ಟೇ. ಒಮ್ಮೆ ಅದು ಇಸ್ತ್ರಿ ಮೇಜಿನ ಕೆಳಗೆ ಬಂದು ಮಗನ ಚಪ್ಪಲಿಯ ಮೇಲೆ ತಲೆಯಿಟ್ಟಿತು. ಅವನು ಇಸ್ತ್ರಿ ಎತ್ತಿ ಹಿಡಿದು ಹಾಗೇ ನಿಂತುಬಿಟ್ಟ.

"ಏನ್ರೀ, ಫೋಟೋಗೆ ನಿಂತಿದ್ದೀರಾ?"

"ಶ್. ಮಲಗಿದೆ ಕಣೇ."

ಬಡಗಿಯ ಹೆಂಡತಿ ಮತ್ತೆ ಬಂದಾಗ ಅಂಗಡಿಯಲ್ಲಿ ಮೂವರೂ ಇದ್ದರು. ಅಜ್ಜಿ ತಲೆಯಾಡಿಸುತ್ತಾ ಬುಟ್ಟಿಗೆ ಕೈ ಹಾಕಿದಳು. ತಳದವರೆಗೆ ತಡಕಿದಳು.

"ಇನ್ನೊಂಚೂರು ಕೆಲಸ ಉಳಿದಿದೆ ತಾಯಿ. ನಾಳಿದ್ದು ಬನ್ನಿ."

ಅವಳು ಹೋದ ಮೇಲೆ ಹುಡುಕಾಟ ಶುರುವಾಯಿತು. ಕಂದು, ದಪ್ಪದ್ದು, ಮೊಣಕೈ ಹರಿದದ್ದು. ಸೊಸೆಯ ಕೈ ಅಲ್ಲೇ ನಿಂತಿತು. ಒಳಗೆ ಹೋಗಿ, ಮಸಿಯನ್ನು ಪಕ್ಕಕ್ಕೆ ಸರಿಸಿ, ಸ್ವೆಟರ್ ತಂದು ಮೇಜಿನ ಮೇಲಿಟ್ಟಳು. ಮೈತುಂಬ ಕೂದಲು. ಒಂದು ಪಕ್ಕ ಉಚ್ಚೆಯ ಕಲೆ. ನಾತ ಕೋಣೆಗೆಲ್ಲ ಹರಡಿತು.

"ಕೆಂಪು ದಾರದ ಬಟ್ಟೆ ಬೆಕ್ಕಿನ ಕೆಳಗೆ ಹಾಕಿದ್ದೀಯಾ?" ಅಜ್ಜಿಯ ದನಿ ಏರಿತು.

"ಕಪ್ಪು ದಾರ ಇತ್ತು ಅತ್ತೆ."

"ಕೆಂಪು. ಕಟ್ಟಿದ್ದು ನಾನು."

"ನೋಡಿ, ಮತ್ತೊಂದ್ಸಲ ನೋಡಿ ಕತ್ತರಿಸಿದೆ. ಕಪ್ಪೇ."

"ಎಲ್ಲಿ ಆ ದಾರ? ತೋರಿಸು."

"ಒಲೆಗೆ ಹಾಕಿದೆ."

"ಹಾಕಿರ್ತೀಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮೂವತ್ತು ವರ್ಷ ಈ ಕುರ್ಚೀಲಿ ಕೂತಿದ್ದೀನಿ, ಒಂದು ದಾರ ತಪ್ಪಿಲ್ಲ."

ಸೊಸೆ ಗಂಡನ ಕಡೆ ತಿರುಗಿದಳು. ಆ ಸ್ವೆಟರನ್ನು ತಾಯಿಯ ಬುಟ್ಟಿಯಿಂದ ಎತ್ತಿ ಎಸೆದವನು ಅವನೇ. ಕಪ್ಪು ದಾರ ಅವನ ಕಣ್ಣ ಮುಂದೆಯೇ ಇತ್ತು. ಅವನು ಇಸ್ತ್ರಿಯ ಬಿಸಿ ನೋಡಲು ಅದರ ತಳಕ್ಕೆ ನೀರು ಚಿಮುಕಿಸಿದ.

"ಆದದ್ದು ಆಯ್ತು," ಅಂದ. "ಈಗ ಯಾರು ಯಾವ ದಾರ ಅಂತ ಪಂಚಾಯ್ತಿ ಬೇಡ. ಹೀಗೆ ವಾಪಸು ಕೊಡೋಕಾಗಲ್ಲ. ತೊಳೀಲೇಬೇಕು."

ಅವನೇ ತೊಳೆದ. ಹಿತ್ತಲ ಕಲ್ಲಿನ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ, ನೊರೆ ಬಿಟ್ಟು ಬಿಟ್ಟು. ಬಕೆಟ್ಟಿನ ನೀರು ಮೊದಲು ಕಂದಾಯಿತು, ಆಮೇಲೆ ಚಹಾದ ಬಣ್ಣ, ಆಮೇಲೆ ಬರೀ ನೀರು. ಒದ್ದೆ ಉಣ್ಣೆಯಿಂದ ವಾರ್ನಿಷ್ ಘಾಟು ಒಮ್ಮೆ ಮೇಲೆದ್ದು ಹೋಯಿತು.

ಗುಂಡಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಮೇಲೆ ಅಂಗಡಿಗೆ ಹೋಗಿ ಹಲಗೆ ನೋಡಿದಳು. ನಡುವೆ ಕಪ್ಪು, ಬಲಕ್ಕೆ ಕೆಂಪು. ಈ ವಾರಗಳಲ್ಲಿ ನೀರು ಸೋಕಬಾರದ ಬಟ್ಟೆ ಬೇರೆ ಬಂದಿರಲಿಲ್ಲ, ಅದಕ್ಕೇ ಯಾರೂ ಗಮನಿಸಿರಲಿಲ್ಲ.

"ಅಜ್ಜಿ, ರೀಲು ಅದಲು ಬದಲು ಮಾಡಿದ್ದು ನಾನು. ಮಸಿ ಜೊತೆ ಆಡೋಕೆ ತಗೊಂಡಿದ್ದೆ."

ಅಜ್ಜಿ ನಡುವಿನ ರೀಲು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು.

"ಇದು ಕಪ್ಪಾ?"

"ಹೂಂ."

ಅಜ್ಜಿ ರೀಲುಗಳನ್ನು ಅವುಗಳ ಜಾಗಕ್ಕೆ ಸಿಕ್ಕಿಸಿದಳು. "ಸರಿ. ಇದನ್ನ ಯಾರಿಗೂ ಹೇಳಬೇಡ."

"ಅಮ್ಮ ಸುಳ್ಳು ಹೇಳಿಲ್ಲ ಅಲ್ವಾ ಅಜ್ಜಿ?"

"ಹೇಳಬೇಡ ಅಂದೆನಲ್ಲ. ಹೇಳಿದ್ರೆ ನಿನಗೂ ಬೀಳುತ್ತೆ, ನನಗೂ ಬೀಳುತ್ತೆ. ನಿಮ್ಮಮ್ಮ ಗಟ್ಟಿ, ತಡ್ಕೋತಾಳೆ."

ಹೇಳಿದ ದಿನಕ್ಕೆ ಬಡಗಿಯ ಹೆಂಡತಿ ಬಂದಳು. ಸ್ವೆಟರ್ ಒಣಗಿ, ಮಡಿಚಿ, ಕೌಂಟರಿನ ಮೇಲಿತ್ತು. ಮೊಣಕೈಗೆ ಸೊಸೆಯೇ ಅಚ್ಚುಕಟ್ಟಾಗಿ ರಫು ಹಾಕಿದ್ದಳು. ಅಜ್ಜಿ ಅವಳು ಕೇಳುವ ಮೊದಲೇ ಶುರು ಮಾಡಿದಳು.

"ಒಂದು ತಪ್ಪಾಗಿ ಹೋಯ್ತು ತಾಯಿ. ನಾನು ಕೆಂಪು ದಾರ ಕಟ್ಟಿ ಇಟ್ಟಿದ್ದೆ. ನಮ್ಮ ಸೊಸೆ ನೋಡದೆ ನೀರಿಗೆ ಹಾಕಿಬಿಟ್ಟಳು."

ಬೆಕ್ಕಿನ ಮಾತು ಬರಲಿಲ್ಲ. ಬಡಗಿಯ ಹೆಂಡತಿ ಸ್ವೆಟರನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಕೊರಳಿಗೆ ಮೂಗಿಟ್ಟಳು, ಕಂಕುಳಿಗೆ ಇಟ್ಟಳು, ತೋಳಿನ ತುದಿಗೆ ಇಟ್ಟಳು. ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು ಬೇರೆ ಕಡೆ ನೋಡಿದರು.

"ತಪ್ಪಾಯ್ತು ಅಕ್ಕ," ಅಂದಳು ಸೊಸೆ.

ಬಡಗಿಯ ಹೆಂಡತಿ ಅವಳನ್ನು ನೋಡಿದಳು. "ಹೇಳಿ ಹೋಗಿದ್ದೆನಲ್ಲಮ್ಮ," ಅಂದಳು. ಅಷ್ಟೇ. ಸ್ವೆಟರನ್ನು ಮಡಿಕೆ ಕೆಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಹೊಸ್ತಿಲಲ್ಲಿ ನಿಂತು, "ರಫು ಚೆನ್ನಾಗಿದೆ," ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿದ್ದ ಮೂವರಿಗೂ ಅನ್ನಿಸಿತು.

ಮಾತು ಬೀದಿಗೆ ಹೋಯಿತು. ಬಟ್ಟೆ ತಲುಪಿಸಲು ಹೋದಲ್ಲಿ ಸೊಸೆಯ ಮುಂದೆಯೇ ಒಬ್ಬಾಕೆ ಮಡಿಕೆ ಬಿಚ್ಚಿ ಬಿಚ್ಚಿ ನೋಡಿ ತೆಗೆದುಕೊಂಡಳು. ಇನ್ನೊಬ್ಬ ಗಿರಾಕಿ ಕೌಂಟರಿನಲ್ಲಿ ಅವಳ ಕೈಗೆ ಕೊಡದೆ, "ಅಜ್ಜಿನೇ ತಗೊಳ್ಳಲಿ," ಅಂದ. ಕೆಲವು ದಿನ ನೋಡಿ ಮಗ ಹೇಳಿದ:

"ಸ್ವಲ್ಪ ದಿನ ನೀನು ಬಾಯ್ಲರ್ ಕಡೆ ನೋಡ್ಕೋ. ಕೌಂಟರಿಗೆ ಅಮ್ಮ ಇರ್ತಾಳೆ. ಜನ ಮರೀಲಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದಳು ಅವಳು.

"ಏನಂದೆ?"

"ಏನಿಲ್ಲ. ನೀರು ಕಾದಿದೆ."

ಅವಳು ಬಾಯ್ಲರಿನ ಮುಂದೆ ನಿಂತಳು. ಅಡುಗೆ ಎಂದಿನಂತೆ ಆಗುತ್ತಿತ್ತು. ಅತ್ತೆಗೆ ಬಡಿಸುತ್ತಿದ್ದಳು, ಮಗಳಿಗೆ ಬಡಿಸುತ್ತಿದ್ದಳು. ಗಂಡನ ಸರದಿ ಬಂದಾಗ ಪಾತ್ರೆಯನ್ನು ಅವನ ಕಡೆ ದೂಡಿ, "ಬಡಿಸ್ಕೊಳ್ಳಿ," ಎಂದು ತನ್ನ ತಟ್ಟೆಗೆ ತಿರುಗುತ್ತಿದ್ದಳು. ಮೊದಲ ದಿನ ಅವನು ಅದನ್ನು ಗಮನಿಸಲಿಲ್ಲ. ಆಮೇಲೆ ಗಮನಿಸದಂತೆ ಇದ್ದ.

ಅಜ್ಜಿ ಬೆಕ್ಕನ್ನು ಹೊರಗೆ ಹಾಕಲು ಹೇಳಿದಳು. "ಆ ಶನಿಯಿಂದಲೇ ಇಷ್ಟೆಲ್ಲ."

ಮರುದಿನ ಬೆಳಿಗ್ಗೆ ಗುಂಡಿ ಸೂಜಿ ದಿಂಬಿನ ಹತ್ತಿರ ಬರಲಿಲ್ಲ. ಅಜ್ಜಿ ಕರೆದಳು. ಗುಂಡಿ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ನಿಂತಳು.

"ಮಸಿ ಮನೇಲಿದ್ರೆ ಪೋಣಿಸ್ತೀನಿ."

"ನನಗೇ ಬೆದರಿಕೆ ಹಾಕ್ತೀಯಾ? ಇದನ್ನ ಯಾರು ಕಲಿಸಿದ್ದು ನಿನಗೆ?"

"ನೀವೇ."

ಅಜ್ಜಿ ದಿಂಬನ್ನು ಮುಂದಕ್ಕೆ ಸರಿಸಿದಳು. ಮಸಿ ಉಳಿಯಿತು. ಸ್ವೆಟರ್ ಇಲ್ಲದ ತನ್ನ ಜಾಗದಲ್ಲಿ ಅದು ಮಲಗಲಿಲ್ಲ; ಕೋಣೆಯ ಮೂಲೆ ಮೂಲೆ ಮೂಸುತ್ತಾ, ಮೇಜಿನ ಮೇಲೆ ಸ್ವೆಟರ್ ಇಟ್ಟಿದ್ದ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು.

ಇಸ್ತ್ರಿ ಮೇಜಿನ ಒಂದು ಕಾಲು ಬಹಳ ದಿನದಿಂದ ಅಲುಗುತ್ತಿತ್ತು. ಸ್ವೆಟರಿನ ವಿಷಯಕ್ಕೂ ಮುಂಚೆ ಮಗ ಬಡಗಿಯ ಹೆಂಡತಿಗೆ ಹೇಳಿಟ್ಟಿದ್ದ. ಇನ್ನು ಅವಳು ಬರುವುದಿಲ್ಲ ಎಂದುಕೊಂಡಿದ್ದರು. ಅವಳು ಒಪ್ಪಿಕೊಂಡ ಕೆಲಸ ಬಿಡುವವಳಲ್ಲ. ಭಾನುವಾರ ಅಂಗಡಿ ಮುಚ್ಚಿದ ಹೊತ್ತಿಗೆ ಹೊಸ ಕಾಲು, ಸುತ್ತಿಗೆ, ಅಂಟಿನ ಡಬ್ಬಿ ಹಿಡಿದು ಹಿಂಬಾಗಿಲಿಂದ ಬಂದಳು. ಅದೇ ಉದ್ದ ಕೋಟು.

ಊಟಕ್ಕೆ ಕೂರುವ ಹೊತ್ತು. ಸೊಸೆ ಅನ್ನದ ಪಾತ್ರೆ ಇಳಿಸುತ್ತಿದ್ದಳು.  ಮಗ ಮೇಜನ್ನು ಒಳಗೆ ತಂದು ಮಗುಚಿ ಹಿಡಿದ. ಅವಳು ನೆಲದ ಮೇಲೆ ಕೂತು ಹಳೆಯ ಕಾಲು ಕಳಚಿ ಹೊಸದನ್ನು ಕೂರಿಸಿದಳು. ಸುತ್ತಿಗೆಯ ಸದ್ದಿಗೆ ಮಸಿ ಆಗಲೇ ಸೋಪಿನ ಚೀಲಗಳ ಹಿಂದೆ ಓಡಿರಬೇಕು ಎಂದುಕೊಂಡಿದ್ದರು.

ಸದ್ದು ನಿಂತ ಮೇಲೆ ಅದು ಕೋಣೆಯ ಬಾಗಿಲಲ್ಲಿ ಕಾಣಿಸಿತು. ಹೊಟ್ಟೆ ನೆಲಕ್ಕೆ ತಾಗಿಸಿ, ನಿಂತು ನಿಂತು ಬಂತು. ನೆಲದ ಮೇಲೆ ಹರಡಿದ್ದ ಕೋಟಿನ ಅಂಚನ್ನು ಮೂಸಿತು. ಮತ್ತೆ ಮೂಸಿತು. ಆಮೇಲೆ ಅವಳ ತೊಡೆ ಹತ್ತಿ, ಕೋಟಿನ ಮಡಿಕೆಗೆ ಮುಖ ಹುದುಗಿಸಿ, ಮುಂಗಾಲುಗಳಿಂದ ಒಂದಾದ ಮೇಲೊಂದು ಒತ್ತತೊಡಗಿತು. ಗುರ್ ಎನ್ನುವ ಸದ್ದು ಒಲೆಯವರೆಗೆ ಕೇಳಿಸಿತು.

"ಎಲಾ ಇದರ," ಅಂದಳು ಬಡಗಿಯ ಹೆಂಡತಿ. ಅಂಟು ಹತ್ತಿದ ಕೈಗಳನ್ನು ಮೇಲೆತ್ತಿ ಹಿಡಿದಿದ್ದಳು. "ಬಹಳ ಸಲಿಗೆ."

"ಇಲ್ಲ," ಅಂದಳು ಗುಂಡಿ. "ಹೊರಗಿನವರು ಬಂದ್ರೆ ಓಡಿಹೋಗುತ್ತೆ. ಯಾರ ಹತ್ರಾನೂ ಹೋಗಲ್ಲ."

"ಮತ್ತೆ ನನ್ನ ಪರಿಚಯ ಹೇಗಾಯ್ತು ಇದಕ್ಕೆ?"

ಗುಂಡಿ ಅಜ್ಜಿಯ ಕಡೆ ನೋಡಿದಳು. ಮಗ ಮೇಜಿನ ಕಾಲು ನೋಡಿದ. ಅನ್ನದ ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದು ಸೊಸೆ ಹಾಗೇ ನಿಂತಳು. 

"ಆ ಸ್ವೆಟರಿನ ಮೇಲೆ ಮಲಗಿತ್ತು," ಅಂದಳು ಅಜ್ಜಿ ಕೊನೆಗೆ. "ಕೆಲವು ವಾರ. ಗಲೀಜು ಮಾಡಿತ್ತು. ಅದಕ್ಕೇ ತೊಳೆದದ್ದು."

ಬಡಗಿಯ ಹೆಂಡತಿ ಮರಿಯನ್ನೇ ನೋಡಿದಳು. ಆಮೇಲೆ ಕೋಟಿನ ಕೊರಳನ್ನು ಹಲ್ಲಿನಿಂದ ಎಳೆದು ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡಳು. ತಲೆಯಾಡಿಸಿದಳು.

"ನನಗೆ ಏನೂ ಗೊತ್ತಾಗಲ್ಲ," ಅಂದಳು. "ಆದ್ರೆ ಇದಕ್ಕೆ ಗೊತ್ತಾಗ್ತಿದೆ. ಅಂದ್ರೆ ಕೋಟಲ್ಲಿ ಇನ್ನೂ ಇದೆ."

ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟನ್ನು ಎದುರಿಸಲು ಸಿದ್ಧವಾಗಿದ್ದ ಅಜ್ಜಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಮರಿ ಬೇಕಾ ನಿಮಗೆ?" ಗುಂಡಿ ಕೇಳಿದಳು. 

"ಬೇಡಮ್ಮ. ಅದಕ್ಕೆ ಬೇಕಾಗಿರೋದು ನಾನಲ್ಲ." ಅವಳು ಮೊಣಕೈಯಿಂದ ಮರಿಯನ್ನು ಮೆಲ್ಲಗೆ ಇಳಿಸಿ ಎದ್ದು ಕೈ ಒರೆಸಿಕೊಂಡಳು. ಸಾಮಾನು ಎತ್ತಿಕೊಳ್ಳುತ್ತಾ ಅಜ್ಜಿಗೆ ಹೇಳಿದಳು: "ಅವತ್ತು ಗಿರಾಕಿಗಳ ಮುಂದೆ ನಿಮ್ಮ ಸೊಸೆಗೆ ಒಂದು ಮಾತು ಅಂದುಬಿಟ್ಟೆ. ಚಿಕ್ಕವಳು, ನೋಡದೆ ಮಾಡಿದಳು. ನೀವೂ ಬೈಯೋಕೆ ಹೋಗಬೇಡಿ ಅಕ್ಕ."

"ಅವಳಲ್ಲ," ಅಂದಳು ಅಜ್ಜಿ.

"ಏನಂದ್ರಿ?"

"ಅವಳು ನೋಡಿದ್ದಳು. ಕಪ್ಪು ದಾರ ಇತ್ತು. ಕಟ್ಟಿದ್ದು ನಾನು. ನನಗೆ ಕೆಂಪು ಯಾವುದು ಕಪ್ಪು ಯಾವುದು ಕಾಣಲ್ಲ. ಅವತ್ತೂ ಕಾಣಲಿಲ್ಲ. ಗೊತ್ತಾದ ಮೇಲೂ ನಿಮ್ಮ ಮುಂದೆ ಅವಳ ಹೆಸರು ಹೇಳಿದೆ."

"ರೀಲು ಬದಲಾಯಿಸಿದ್ದು ನಾನು," ಅಂದಳು ಗುಂಡಿ.

"ನೀನು ಸುಮ್ಮನಿರು. ನೀನು ಅವತ್ತೇ ಹೇಳಿದ್ದೆ. ಬಾಯಿ ಮುಚ್ಚಿಸಿದ್ದು ನಾನು."

ಬಡಗಿಯ ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೇರೆಯವರ ಮನೆಯಲ್ಲಿ ನೋಡಬಾರದ್ದು ಕಂಡವಳಂತೆ ಬೇಗ ಬೇಗ ಅಂಟಿನ ಡಬ್ಬಿ ಮುಚ್ಚಿದಳು. ಸೊಸೆಯ ಮುಂದೆ ಒಂದು ಗಳಿಗೆ ನಿಂತಳು. "ಹಾಗಾದ್ರೆ ನನ್ನ ಮಾತು ವಾಪಸು ತಗೊಂಡೆ ಅಂತ ಇಟ್ಕೋಮ್ಮ," ಎಂದು ಹಿಂಬಾಗಿಲಿಂದ ಹೋದಳು. ಮಸಿ ಬಾಗಿಲವರೆಗೆ ಹಿಂದೆಯೇ ಹೋಗಿ ಹೊಸ್ತಿಲಲ್ಲಿ ಕೂತಿತು.

ಊಟಕ್ಕೆ ಕೂತರು. ಅಜ್ಜಿ ತಟ್ಟೆ ಮುಟ್ಟಲಿಲ್ಲ.

"ನಾಳೆ ನನ್ನನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗೋ," ಅಂದಳು ಮಗನಿಗೆ. "ಕುರ್ಚೀಲಿ ಯಾರನ್ನಾದ್ರೂ ಕೂರಿಸ್ಕೋ."

"ಅಮ್ಮ, ನಾನು ಹಾಗಂದಿದ್ದು..."

"ಹೇಗಂದ್ರೂ ಅಷ್ಟೇ. ಅವಳನ್ನೇ ಕೂರಿಸು. ರಫು ನನಗಿಂತ ಚೆನ್ನಾಗಿ ಹಾಕ್ತಾಳೆ."

"ನನಗೆ ಕುರ್ಚಿ ಬೇಡ ಅತ್ತೆ," ಅಂದಳು ಸೊಸೆ. ಅತ್ತೆಯ ತಟ್ಟೆಗೆ ಅನ್ನ ಹಾಕಿ ಬೇಳೆ ಸುರಿದಳು. "ನಾಳೆ ಕೌಂಟರಿಗೆ ಬಂದವರಿಗೆಲ್ಲ ಈಗ ಹೇಳಿದ್ದನ್ನೇ ಹೇಳಿ. ಅಷ್ಟು ಸಾಕು."

ಅಜ್ಜಿ ಹೂಂ ಎಂದಳು.  ಬೀದಿಯಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಸಲ ಹೇಳಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮಗ ಕೆಮ್ಮಿದ. ನೀರು ಕುಡಿದ. ಮತ್ತೆ ಕೆಮ್ಮಿದ.

"ನಾನೂ ನೋಡಿದ್ದೆ," ಅಂದ. "ದಾರ ಕಪ್ಪೇ ಇತ್ತು."

"ಗೊತ್ತು," ಅಂದಳು ಹೆಂಡತಿ. "ಆ ಬುಟ್ಟಿಗೆ ಹಾಕೋದು ನೀವಲ್ಲದೆ ಇನ್ಯಾರು?"

"ಗೊತ್ತಿತ್ತಾ? ಮತ್ತೆ ಇಷ್ಟು ದಿನ ಕೇಳಲೇ ಇಲ್ಲ?"

"ನೀವಾಗೇ ಹೇಳ್ತೀರೇನೋ ಅಂತ ಕಾದೆ."

ಗುಂಡಿ ತಟ್ಟೆಯ ಮೇಲೆ ಬಗ್ಗಿದಳು. ಬಾಗಿಲಲ್ಲಿ ಮಸಿ ತಿರುಗಿ ನೋಡಿ, ಮತ್ತೆ ಹೊರಗೆ ಮುಖ ಮಾಡಿತು. ಮಗ ತನ್ನ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಹೆಂಡತಿಯ ಮುಂದೆ ಹಿಡಿದ.  ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಪಾತ್ರೆಯನ್ನು ಅವನ ಕಡೆ ದೂಡಿದಳು.

"ಬಡಿಸ್ಕೊಳ್ಳಿ," ಅಂದಳು. "ಬಿಸಿ ಇದೆ, ನೋಡ್ಕೊಂಡು."